ಒಂಟಿಕೊಪ್ಪಲಿನ ನಾಲಿಗೆ

ಕುಕ್ಕರಹಳ್ಳಿ ಕೆರೆಯ ಒಂದು ಚಮಚ ನೀರನ್ನು ನನ್ನ ನಾಲಿಗೆಯ ಮೇಲೆ ಬಿಟ್ಟರೆ ಸಾಕು, ಅಂದು ಬೆಳಿಗ್ಗೆ ಅದರಲ್ಲಿ ಎಷ್ಟು ಕೊಕ್ಕರೆ ಮಿಂದವು, ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂದು ಹೇಳಬಲ್ಲೆ. ಒಮ್ಮೆ ಮಾತ್ರ ಒಂದು ಹಕ್ಕಿ ಹೆಚ್ಚು ಬಂದಿತ್ತು; ವಿಚಾರಿಸಿದರೆ ಅದು ಬಾತುಕೋಳಿಯಂತೆ. ನಮ್ಮ ಮುತ್ತಜ್ಜ ಅರಮನೆಯ ಅಡುಗೆಮನೆಯಲ್ಲಿ ರುಚಿ ನೋಡುತ್ತಿದ್ದವರು. ಅವರು ಹುಬ್ಬು ಗಂಟಿಕ್ಕಿದರೆ ಹಂಡೆಯ ಸಾರು ಹೆದರಿ ಕುದಿಯುವುದನ್ನೇ ನಿಲ್ಲಿಸುತ್ತಿತ್ತು. ಆ ನಾಲಿಗೆ ಮೂರು ತಲೆಮಾರು ದಾಟಿ, ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಮೊಹರು ಒತ್ತಿ ನಿವೃತ್ತನಾದ ಈ ಅಶ್ವತ್ಥನ ಬಾಯಿಗೆ ಬಂದು ಸೇರಿದೆ.

ಹಾಗಾಗಿ, ಒಂದು ಆಹಾರ ಪ್ರಯೋಗಾಲಯದವರು ‘ಸಾರಿನ ರುಚಿ ನೋಡಲು ಜನ ಬೇಕಾಗಿದ್ದಾರೆ’ ಎಂದು ನಮ್ಮ ಒಂಟಿಕೊಪ್ಪಲಿನ ಪಾರ್ಕಿನ ಗೇಟಿಗೆ ಚೀಟಿ ಅಂಟಿಸಿದಾಗ, ಅದು ನನಗೇ ಬರೆದ ಪತ್ರವೆಂದು ತಿಳಿದೆ.

ಪ್ರಯೋಗಾಲಯದಲ್ಲಿ ನನ್ನನ್ನು ಎದುರುಗೊಂಡವಳು ಭವ್ಯಶ್ರೀ. ಮಂಡಕಳ್ಳಿಯ ಹುಡುಗಿ, ಪಿಎಚ್.ಡಿ. ಮಾಡುತ್ತಿದ್ದಾಳೆ. ಎರಡು ಪುಟದ ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದಳು.

“ಬಿ.ಪಿ. ಇರೋರಿಗೆ ಅಂತ ಉಪ್ಪು ಕಮ್ಮಿ ಇರೋ ಸಾರಿನ ಪುಡಿ ಮಾಡಿದ್ದೀನಿ ಅಂಕಲ್. ಉಪ್ಪು ಕಮ್ಮಿ ಅಂತ ತಿನ್ನೋರಿಗೆ ಗೊತ್ತಾಗುತ್ತಾ ಇಲ್ವಾ, ಅದೇ ಪರೀಕ್ಷೆ. ನಮ್ಮಪ್ಪಂಗೆ ಡಾಕ್ಟ್ರು ಉಪ್ಪು ಬುಡಿ ಅಂದಾಗ್ಲಿಂದ ತಟ್ಟೆ ತಳ್ಬುಟ್ಟು ಎದ್ದೋಯ್ತಾರೆ. ಈ ಪುಡಿ ಪಾಸಾದ್ರೆ ಆಸ್ಪತ್ರೆ ಅಡುಗೆಮನೆಗೂ ತಗೋತಾರಂತೆ. ನಿಮ್ಗೆ ಬ್ಯಾಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಎದ್ದೋಗ್ಬೋದು.”

“ನಾನು ಎದ್ದು ಹೋದರೆ ನಿನ್ನ ವಿಜ್ಞಾನವೂ ನನ್ನ ಹಿಂದೆಯೇ ಎದ್ದು ಬರುತ್ತೆ ಕಣಮ್ಮ,” ಎಂದು ಉದ್ದನೆಯ ಸಹಿ ಎಳೆದೆ.

ಪರೀಕ್ಷೆ ಸರಳ. ಎದುರಿಗೆ ಮೂರು ಪುಟ್ಟ ಲೋಟ, ಪ್ರತಿಯೊಂದರ ಮೇಲೂ ಮೂರಂಕಿಯ ಚೀಟಿ. ಎರಡರಲ್ಲಿ ಒಂದೇ ಸಾರು, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಹೀಗೆ ಹನ್ನೆರಡು ಸಲ. ನಲವತ್ತು ಜನರಲ್ಲಿ ಉಳಿದವರೆಲ್ಲ ಗುಟುಕರಿಸಿ, ತಲೆ ಕೆರೆದು, ಏನೋ ಒಂದು ಬರೆದು ಹೋಗುತ್ತಿದ್ದರು. ನಾನು ಲೋಟ ತುಟಿಗೆ ತಾಗಿಸುವಷ್ಟರಲ್ಲೇ ಉತ್ತರ ಬರೆದುಬಿಡುತ್ತಿದ್ದೆ. ಕೊನೆಗೆ ನೋಡಿದರೆ ಹನ್ನೆರಡಕ್ಕೆ ಹನ್ನೆರಡೂ ಸರಿ. ಸುದ್ದಿ ಪಾರ್ಕಿನ ಬೆಂಚಿನಿಂದ ಬೆಂಚಿಗೆ ಹರಡಿತು. ಹರಡಿದವನು ನಾನೇ.

ಹದಿನೈದು ದಿನ ಕಳೆದು, ಊಟದ ಹೊತ್ತಿಗೆ ಸರಿಯಾಗಿ ಭವ್ಯಶ್ರೀ ನಮ್ಮ ಮನೆಗೆ ಬಂದಳು. ಸನ್ಮಾನಕ್ಕೆ ಕರೆಯಲು ಬಂದಿರಬೇಕೆಂದು ಒಗೆದ ಪಂಚೆ ಉಟ್ಟು ಹೊರಬಂದೆ. ಅವಳ ಮುಖ ಬಾಡಿತ್ತು.

“ಮೂವತ್ತೊಂಬತ್ತು ಜನಕ್ಕೆ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂಕಲ್. ನಿಮ್ಗೊಬ್ರಿಗೇ ಪೂರ್ತಿ ಗೊತ್ತಾಯ್ತು. ಅದಕ್ಕೇ ‘ಯಾರಿಗೂ ಗೊತ್ತಾಗಲ್ಲ’ ಅಂತ ಬರೆಯೋಕಾಗಲ್ಲ. ಪುಡಿ ಮೊದ್ಲಿಂದ ಮಾಡ್ಬೇಕು. ಇನ್ನೊಂದು ವರ್ಷ ಬೇಕು.”

“ನಿಮ್ಮ ಗೈಡು ಏನಂತಾರೆ?”

“ಶಿವಪ್ರಕಾಶ್ ಸರ್ ನಿಮ್ಮನ್ನ ಬಿಟ್ಟುಬುಡು ಅಂದ್ರು. ವಯಸ್ಸಾದವ್ರು, ಏನೋ ಅದೃಷ್ಟಕ್ಕೆ ಹೇಳಿರ್ತಾರೆ, ಒಬ್ರನ್ನ ತೆಗೆದ್ರೆ ಆಕಾಶ ಬೀಳಲ್ಲ ಅಂತ.”

“ತೆಗೆದುಬಿಡು ಮತ್ತೆ,” ಎಂದೆ.

“ಅದೆಂಗಾಯ್ತದೆ ಅಂಕಲ್? ನಂಗೆ ಬ್ಯಾಡದ ಉತ್ತರ ಕೊಟ್ರು ಅಂತ ಒಬ್ರನ್ನ ಅಳಿಸಾಕಿದ್ರೆ ಉಳಿದೋರ ಮಾತಿಗೆ ಏನು ಬೆಲೆ? ನಿಮ್ಮ ನಾಲಿಗೆ ಬಗ್ಗೆ ಒಂದು ಪುಟ ಬೇರೇನೇ ಬರೀತೀನಿ. ಹೆಸ್ರು ಹಾಕಲ್ಲ, ಒಪ್ಪಿಗೆ ಇದ್ಯಾ ಅಂತ ಕೇಳೋಕೆ ಬಂದೆ.”

ನನ್ನ ನಾಲಿಗೆಗೆ ಒಂದು ಪುಟ. ಬೇರೆ ದಿನವಾಗಿದ್ದರೆ ಎರಡು ಪುಟಕ್ಕೆ ಚೌಕಾಸಿ ಮಾಡುತ್ತಿದ್ದೆ. ಅಂದು ಒಂದು ಪುಟವೇ ಹೆಚ್ಚೆನಿಸಿತು.

ಅಷ್ಟರಲ್ಲಿ ನನ್ನ ಹೆಂಡತಿ ಅಂಬುಜಾ ಇಬ್ಬರಿಗೂ ಎಲೆ ಹಾಕಿ ಸಾರು ಬಡಿಸಿದಳು. ಮಾತು ಬದಲಿಸಲು ಅದೇ ಸಮಯವೆಂದು ಗಬಗಬನೆ ಅರ್ಧ ಎಲೆ ಖಾಲಿ ಮಾಡಿ ತಲೆದೂಗಿದೆ.

“ಸಾರು ಅಂದ್ರೆ ಇದು. ಉಪ್ಪು ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಮ್ಮಿ ಇಲ್ಲ.”

ಅಂಬುಜಾ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ತಾನೂ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

“ಅಯ್ಯೋ, ಇವತ್ತು ಉಪ್ಪು ಹಾಕೋದೇ ಮರ್ತಿದ್ದೀನಿ ಕಣ್ರೀ. ಅದಕ್ಕೇ ಈ ಹುಡುಗಿ ಮೂರು ಸಲ ಉಪ್ಪಿನಕಾಯಿ ಕೇಳಿದ್ದು.”

“ಪರವಾಗಿಲ್ಲ ಆಂಟಿ,” ಎಂದು ಭವ್ಯಶ್ರೀ ತಲೆ ತಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು.

“ಮರೀದೇ ಇರೋ ದಿನಾನೂ ಅರ್ಧಾನೇ ಹಾಕೋದು ಕಣಮ್ಮ. ಹೋದ ಯುಗಾದಿಲಿ ಇವರ ಬಿ.ಪಿ. ಏರಿತ್ತಲ್ಲ, ಅವತ್ತಿಂದ. ಈ ಮಹಾರಾಯರಿಗೆ ಒಂದು ದಿನಾನೂ ಗೊತ್ತಾಗಿಲ್ಲ.”

“ಆಂಟಿ, ಒಪ್ಪಿಗೆ ಪತ್ರ ತಗೊಂಡಿದ್ರಾ?”

“ನಲವತ್ತೊಂದು ವರ್ಷದ ಹಿಂದೆ ಛತ್ರದಲ್ಲಿ ತಗೊಂಡಿದ್ದೆ. ಅಗ್ನಿಸಾಕ್ಷಿಯಾಗಿ.”

ಇಬ್ಬರೂ ಸೇರಿ ನಕ್ಕರು. ನಗು ಇಳಿದ ಮೇಲೆ ಭವ್ಯಶ್ರೀ ನನ್ನತ್ತ ತಿರುಗಿದಳು. “ಹಂಗಾರೆ ಹನ್ನೆರಡಕ್ಕೆ ಹನ್ನೆರಡು ಎಂಗೆ ಅಂಕಲ್?”

“ನಮ್ಮ ಮುತ್ತಜ್ಜ ಅರಮನೇಲಿ...”

“ನಿಮ್ಮ ಮುತ್ತಜ್ಜ ಅರಮನೇಲಿ ಕುದುರೆಗೆ ಹುಲ್ಲು ಹಾಕಿಸ್ತಿದ್ರು,” ಎಂದಳು ಅಂಬುಜಾ. “ರುಚಿ ನೋಡ್ತಿದ್ದದ್ದು ಕುದುರೆ.”

ಇನ್ನು ಬಚ್ಚಿಡಲು ಉಳಿದದ್ದೇನು? ಹೇಳಿಬಿಟ್ಟೆ. ಎರಡು ಲೋಟದ ಚೀಟಿ ಒಂದು ಶಾಯಿಯಲ್ಲಿದ್ದರೆ ಮೂರನೆಯದು ಇನ್ನೊಂದರಲ್ಲಿ ಇರುತ್ತಿತ್ತು. ಒಂದು ನೀಲಿ, ಒಂದು ಕಪ್ಪು. ಮೂವತ್ತನಾಲ್ಕು ವರ್ಷ ಲಕೋಟೆಗಳ ಮೇಲಿನ ಬರಹ ನೋಡಿದ ಕಣ್ಣು ಅದನ್ನು ಮೊದಲ ಸಲವೇ ಹಿಡಿಯಿತು. ಸಾರನ್ನು ನಾನು ನುಂಗಿಯೂ ಇರಲಿಲ್ಲ.

ಬೈಯುತ್ತಾಳೆಂದು ಕಾದೆ. ಅವಳು ಹಣೆ ಬಡಿದುಕೊಂಡಳು, ತನ್ನದೇ ಹಣೆ.

“ಎರಡು ಪುಡಿ ಕಲಸೋಗ್ಬಾರ್ದು ಅಂತ ನಾನೇ ಬೇರೆ ಬೇರೆ ಪೆನ್ನಲ್ಲಿ ಬರ್ದಿದ್ದೆ. ತಪ್ಪು ನಂದೂ ಐತೆ. ಇದನ್ನೂ ಬರೀತೀನಿ. ನಲವತ್ತೂ ಜನಕ್ಕೆ ಇನ್ನೊಂದು ಸಲ ಸಾರು ಕುಡಿಸ್ಬೇಕು, ಒಂದು ತಿಂಗಳು ಹಿಡೀತದೆ. ವರ್ಷ ಅಂತ ಅಳ್ತಿದ್ದೆ ಅಂಕಲ್, ತಿಂಗಳು ಏನ್ ಮಹಾ.” ಅವಳು ನಾಲ್ಕನೆಯ ಸಲ ಉಪ್ಪಿನಕಾಯಿ ಹಾಕಿಸಿಕೊಂಡು ಪೂರ್ತಿ ಉಂಡು ಹೋದಳು.

ಎರಡನೆಯ ಸುತ್ತಿಗೆ ಚೀಟಿಯನ್ನೆಲ್ಲ ಒಂದೇ ಪೆನ್ನಿನಲ್ಲಿ ಬರೆದಿದ್ದರು. ಪುಡಿ ಪಾಸಾಯಿತು. ಮಂಡಕಳ್ಳಿಯಲ್ಲಿ ಅವಳಪ್ಪ ಮಹದೇವು ಎರಡು ಸಲ ಸಾರು ಹಾಕಿಸಿಕೊಂಡರಂತೆ. ಉಪ್ಪು ಕಮ್ಮಿಯೆಂದು ಅವರಿಗೆ ಮೊದಲೇ ಹೇಳಿಯೇ ಬಡಿಸಿದಳಂತೆ.

ನನಗೆ ಬಂದ ಅಂಕ ಹನ್ನೆರಡಕ್ಕೆ ಮೂರು. ಕಣ್ಣು ಮುಚ್ಚಿ ಸುಮ್ಮನೆ ಬೆರಳಿಟ್ಟಿದ್ದರೂ ನಾಲ್ಕು ಬರಬಹುದಿತ್ತೆಂದು ಭವ್ಯಶ್ರೀ ಲೆಕ್ಕ ಹಾಕಿ ತೋರಿಸಿದಳು. ಕುಕ್ಕರಹಳ್ಳಿ ಕೆರೆಯ ನೀರನ್ನು ನಾನು ಯಾವತ್ತೂ ಬಾಯಿಗೆ ಹಾಕಿಲ್ಲ. ಇವತ್ತು ಮಧ್ಯಾಹ್ನದ ಸಾರಿಗೆ ಅಂಬುಜಾ ಉಪ್ಪು ಹಾಕಿದ್ದಳೋ ಇಲ್ಲವೋ, ಆಣೆಯಾಗಿ ಗೊತ್ತಿಲ್ಲ. ಚೆನ್ನಾಗಿತ್ತು.