ಮೂರನೆಯ ಹೆಸರು

ಕಿಝಿಲೊರ್ದಾ ನಗರದಲ್ಲಿ ಈಗ ಕಾಗದದ ಕರೆಯೋಲೆ ಹಂಚುವವರು ಕಡಿಮೆ. ಫೋನಿಗೆ ಒಂದು ಲಿಂಕ್ ಬರುತ್ತದೆ. ಒತ್ತಿದರೆ ದೊಂಬ್ರ ತಂತಿವಾದ್ಯದ ನಾದ, ಮದುಮಗಳ ಚಿತ್ರಗಳು, ಕೆಳಗೆ ಔತಣ ಕೊಡುವವರ ಹೆಸರು. ಝಾದಿರಾ ತನ್ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಥ ಪುಟಗಳನ್ನು ಮಾಡಿಕೊಡುತ್ತಿದ್ದಳು.

ಎಲ್ಲ ಪುಟಗಳಿಗೂ ಅಚ್ಚಾದ ಟೆಂಪ್ಲೇಟನ್ನು ಅವಳು ಬರೆದದ್ದು ಒಂದೇ ಸಲ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಪಟ್ಟಿಯಿಂದ ಒಂದು ಹೆಸರು ತೆಗೆದುಕೋ, ಬರೆ, ಇನ್ನೊಂದಿದ್ದರೆ ನಡುವೆ ಅಡ್ಡಗೆರೆ ಎಳೆ, ಮುಂದಿನ ಹೆಸರಿಗೆ ಹೋಗು, ಪಟ್ಟಿ ಮುಗಿದರೆ ನಿಲ್ಲು: ಅದಕ್ಕೆ ಕಲಿಸಿದ್ದು ಇಷ್ಟೇ. ಪ್ರತಿ ಮನೆಯ ಹೆಸರುಗಳನ್ನು ಹೊಸದಾಗಿ ತುಂಬಿಸಿದರೆ ಉಳಿದದ್ದನ್ನು ಆ ಸುತ್ತು, ಅಂದರೆ ಲೂಪ್, ನೋಡಿಕೊಳ್ಳುತ್ತಿತ್ತು.

ಆ ಶರತ್ಕಾಲದಲ್ಲಿ ಮೊಲ್ದಿರ್ ಎಂಬ ಹುಡುಗಿ ತಾಯಿಯ ಜೊತೆ ಬಂದಳು. ಮದುಮಗಳನ್ನು ತವರಿನಿಂದ ಬೀಳ್ಕೊಡುವ ಔತಣಕ್ಕೆ ಕರೆಯೋಲೆ ಬೇಕಿತ್ತು. ತಾಯಿ ಕುಲ್ಯಾಷ್ ಬಾಯಿತುಂಬ ಮಾತಿನವಳು.

"ಬಣ್ಣ ಬಂಗಾರದ್ದೇ ಇರಲಿ ಕಣಮ್ಮ. ಹಿನ್ನೆಲೆಗೆ ಒಂಟೆ ಗಿಂಟೆ ಹಾಕಬೇಡ, ನಮ್ಮ ಬೀಗರೇ ಸಾಕು. ಈ ಫೋಟೋದಲ್ಲಿ ನನಗೆ ಮೂರು ಗಲ್ಲ ಬಂದಿದೆಯಲ್ಲ, ಒಂದನ್ನಾದ್ರೂ ಅಳಿಸ್ತೀಯಾ?"

ಮೊಲ್ದಿರ್ ನಕ್ಕಳು. ಔತಣ ಕೊಡುವವರು ಯಾರು ಎಂದು ಝಾದಿರಾ ಕೇಳಿದಾಗ ಕುಲ್ಯಾಷ್ ತಡಮಾಡದೆ, "ಸೆರಿಕ್‌ಬಾಯ್, ಕುಲ್ಯಾಷ್. ಇನ್ನ್ಯಾರು ಕೊಡ್ತಾರೆ?" ಎಂದಳು. ಸಂಜೆಯೊಳಗೆ ಪುಟ ಸಿದ್ಧವಾಯಿತು. ನೆಂಟರಿಗೆಲ್ಲ ಲಿಂಕ್ ಹೋಯಿತು.

ಮರುದಿನ ಮೊಲ್ದಿರ್ ಒಬ್ಬಳೇ ಬಂದಳು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ.

"ಅಕ್ಕಾ, ಆ ಜಾಗದಲ್ಲಿ ಇನ್ನೊಂದು ಹೆಸರು ಹಿಡಿಯತ್ತಾ?"

"ಎಷ್ಟು ಕೊಟ್ಟರೂ ಬರೆಯತ್ತೆ. ಅದಕ್ಕೇನು, ಇಬ್ಬರೇ ಇರಬೇಕು ಅಂತ ನಾನು ಹೇಳಿಕೊಟ್ಟಿಲ್ಲ."

"ಎಲ್ಲರಿಗೂ ಕಾಣೋ ಹಾಗಲ್ಲ. ಇನ್ನೊಂದು ಪುಟ ಮಾಡಿ. ಒಬ್ಬರಿಗೆ ಮಾತ್ರ ಕಳಿಸ್ತೀನಿ."

ಆಗ ತಿಳಿಯಿತು, ಕುಲ್ಯಾಷ್ ಹೆತ್ತವಳಲ್ಲ. ಹೆತ್ತವಳು ಉಲ್ಬೊಸಿನ್. ಅವಳು ಕ್ಷಯದ ಆಸ್ಪತ್ರೆ ಸೇರಿದಾಗ ಮೊಲ್ದಿರ್ ಇನ್ನೂ ತೊದಲು ನುಡಿಯುತ್ತಿದ್ದಳು. ವಾಸಿಯಾಗಿ ಹೊರಬರುವ ಹೊತ್ತಿಗೆ ಮನೆಯಲ್ಲಿ ಕುಲ್ಯಾಷ್ ಇದ್ದಳು, ಮಗು ಅವಳನ್ನೇ ಅಮ್ಮ ಎನ್ನುತ್ತಿತ್ತು. ಉಲ್ಬೊಸಿನ್ ಜಗಳವಾಡಲಿಲ್ಲ. ಕಝಾಲಿಗೆ ಹೋದಳು. ಅಲ್ಲಿನ ರೈಲು ನಿಲ್ದಾಣದಲ್ಲಿ ಹೊಗೆಯಾಡಿಸಿದ ಮೀನು ಮಾರಿಕೊಂಡಿದ್ದಾಳೆ.

"ಅವಳು ಬರಲ್ಲ ಅಕ್ಕಾ. ನನ್ನ ಶಾಲೆಗೂ ಬಂದಿಲ್ಲ, ಹಬ್ಬಕ್ಕೂ ಬಂದಿಲ್ಲ. ತನ್ನ ಹೆಸರು ನೋಡಿ ಸಂತೋಷಪಡ್ತಾಳೆ, ಅಷ್ಟೇ."

"ಬಂದ್ರೆ?"

"ಬರಲ್ಲ ಅಂದ್ನಲ್ಲ."

ಝಾದಿರಾಗೆ ಇದು ಸರಿಯೆನಿಸಲಿಲ್ಲ. ಆದರೂ ಹುಡುಗಿಯ ಮುಖ ನೋಡಿ ಪುಟದ ಇನ್ನೊಂದು ಪ್ರತಿ ಮಾಡಿದಳು, ಪಟ್ಟಿಯ ಕೊನೆಗೆ ಆ ಹೆಸರು ಸೇರಿಸಿದಳು. ಸೆರಿಕ್‌ಬಾಯ್ – ಕುಲ್ಯಾಷ್ – ಉಲ್ಬೊಸಿನ್ ಎಂದು ತೆರೆಯ ಮೇಲೆ ಬಂತು.

"ಬಾಲದ ಹಾಗಿದೆ," ಎಂದಳು ಮೊಲ್ದಿರ್.

ಉಲ್ಬೊಸಿನ್ ಹೆಸರನ್ನು ನಡುವೆ ತಂದರೆ ಅಡ್ಡಗೆರೆ ಅವಳನ್ನು ಸೆರಿಕ್‌ಬಾಯ್‌ಗೆ ಜೋಡಿಸಿತು, ಕುಲ್ಯಾಷ್ ಹೊರಗುಳಿದಳು. ಸೆರಿಕ್‌ಬಾಯ್‌ನನ್ನು ನಡುವೆ ಇಟ್ಟರೆ ಇಬ್ಬರು ಹೆಂಡಿರ ಗಂಡನ ಹಾಗೆ ಕಂಡ. ಇಬ್ಬರೂ ಕ್ಷಣಕಾಲ ನಕ್ಕರು, ಆಮೇಲೆ ನಗು ನಿಂತುಹೋಯಿತು. ಝಾದಿರಾ ಲೂಪಿನೊಳಗಿಂದ ಆ ಗೆರೆಯನ್ನೇ ಕಿತ್ತಳು. ಹೆಸರಿಗೊಂದು ಸಾಲು; ಯಾರೂ ಯಾರಿಗೂ ಅಂಟಿಕೊಂಡಿರಲಿಲ್ಲ. ಹುಡುಗಿ ಬಹಳ ಹೊತ್ತು ನೋಡಿ, "ಹೀಗೇ ಇರಲಿ," ಎಂದಳು.

ಪುಟದ ತಳದಲ್ಲಿ 'ಬರುತ್ತೀರಾ?' ಎಂಬ ಪ್ರಶ್ನೆ ಇರುತ್ತಿತ್ತು. ಬರುವವರು ಹೆಸರು, ಪರಿಚಯ ಬರೆದು ಒತ್ತಿದರೆ ಝಾದಿರಾಗೆ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ಎರಡನೆಯ ಪುಟದಿಂದ ಒಂದು ಉತ್ತರ ಬಂತು: ಉಲ್ಬೊಸಿನ್, ಬರುತ್ತೇನೆ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಕಝಾಲಿಯ ಬಾತಿಮಾ, ರೊಟ್ಟಿ ಮಾರುವವಳು. ಅವಳ ಅತ್ತಿಗೆ. ನಿಲ್ದಾಣದ ಸಿಗ್ನಲ್ ನೋಡುವವನು, ಹೆಂಡತಿ ಸಮೇತ. ಮಗಳ ಕರೆಯೋಲೆಯಲ್ಲಿ ತನ್ನ ಹೆಸರಿದೆ ಎಂದು ಉಲ್ಬೊಸಿನ್ ಪ್ಲಾಟ್‌ಫಾರ್ಮಿನುದ್ದಕ್ಕೂ ತೋರಿಸಿದ್ದಳು. ಕರೆಯೋಲೆ ಕೊಡುವ ಹಕ್ಕು ತನಗೂ ಇದೆ ಎಂದು ನಂಬಿ ಎಲ್ಲರನ್ನೂ ಕರೆದಿದ್ದಳು.

ಝಾದಿರಾ ಕೂಡಲೇ ಮೊಲ್ದಿರ್‌ಗೆ ಫೋನ್ ಮಾಡಿದಳು.

"ಅಯ್ಯೋ! ಪುಟ ಮುಚ್ಚಿಬಿಡಿ ಅಕ್ಕಾ."

"ಮುಚ್ಚಿದ್ರೆ ಏನಂದ್ಕೋತಾರೆ ಅವರು? ಹೆತ್ತಮ್ಮನ ಹತ್ರ ನೀನೇ ಮಾತಾಡು. ಇದ್ದದ್ದು ಇದ್ದ ಹಾಗೆ ಹೇಳು. ಇಲ್ಲಾಂದ್ರೆ ಅಪ್ಪನಿಗೆ ಹೇಳು."

ಆ ಕಡೆಯಿಂದ ಅಳು ಮಾತ್ರ ಕೇಳಿಸಿತು. ಮೊಲ್ದಿರ್ ಉಲ್ಬೊಸಿನ್‌ಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಕುಲ್ಯಾಷ್‌ಗೆ ವಿಷಯ ಮುಟ್ಟಿದ್ದು ಕಝಾಲಿಯಲ್ಲಿದ್ದ ನಾದಿನಿಯಿಂದ. ಆಕೆಗೆ ಎರಡೂ ಲಿಂಕ್ ಸಿಕ್ಕಿದ್ದವು. ಒಂದು ಮಧ್ಯಾಹ್ನ ಕುಲ್ಯಾಷ್ ಉಪ್ಪುಗಾಳಿಯ ಧೂಳು ಮೆತ್ತಿದ ಕೋಟಿನಲ್ಲೇ ಬಂದು ಝಾದಿರಾಳ ಅಡುಗೆಮನೆಯಲ್ಲಿ ನಿಂತಳು.

"ಜ್ವರ ಬಂದಾಗ ಎದ್ದವಳು ನಾನು. ತಲೆಯ ಹೇನು ತೆಗೆದವಳು ನಾನು. ಹೆರದಿದ್ರೂ ಹೆತ್ತಷ್ಟೇ ಸವೆದಿದ್ದೀನಿ ಕಣಮ್ಮ. ನನ್ನ ಬೆನ್ನ ಹಿಂದೆ ಯಾಕೆ? ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಒಪ್ತಿದ್ರಾ ಅಕ್ಕಾ?"

ಕುಲ್ಯಾಷ್ ಕುರ್ಚಿ ಎಳೆದುಕೊಂಡು ಕುಳಿತಳು. ಕಿಟಕಿಯ ಕಡೆ ನೋಡಿದಳು.

"ಇಲ್ಲ," ಎಂದಳು. "ಸುಳ್ಳು ಯಾಕೆ ಹೇಳ್ಲಿ. ಒಪ್ತಿರಲಿಲ್ಲ." ಕೋಟಿನ ಗುಂಡಿ ಬಿಚ್ಚುತ್ತ, "ಅವಳು ಬಂದು ಬಾಗಿಲಲ್ಲಿ ನಿಂತ್ರೆ ಮಗು ಯಾರ ಕಡೆ ನೋಡತ್ತೆ ಅಂತ ನನಗೆ ಭಯ. ಇಷ್ಟು ವರ್ಷ ಆದ್ರೂ ಭಯ. ನಗಬೇಡ."

ಝಾದಿರಾ ನಗುತ್ತಿರಲಿಲ್ಲ. ಚಹಾ ಬಗ್ಗಿಸಿಕೊಟ್ಟಳು. ಕುಲ್ಯಾಷ್ ಅದನ್ನು ಕುಡಿದು, ಪುಟವನ್ನು ತೆಗೆ ಎಂದೂ ಹೇಳದೆ, ಇರಲಿ ಎಂದೂ ಹೇಳದೆ ಹೋದಳು.

ಎರಡು ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹಿಂದೆ ರೈಲಿನ ಶಿಳ್ಳೆ ಕೇಳುತ್ತಿತ್ತು.

"ಮಗಳೇ, ಆ ಕರೆಯೋಲೆ ಮಾಡಿದವಳು ನೀನೇನಾ? ಕೆಳಗೆ ನಿನ್ನ ನಂಬರಿತ್ತು. ನಾನು ಉಲ್ಬೊಸಿನ್." ಧ್ವನಿ ಮೆತ್ತಗಿತ್ತು, ನಡುನಡುವೆ ಉಸಿರು ಸಿಕ್ಕುತ್ತಿತ್ತು. "ಸೆರಿಕ್‌ಬಾಯ್ ತಂಗಿ ಬಂದು ಅವಳ ಫೋನ್ ತೋರಿಸಿದ್ಲು. ಅದರಲ್ಲಿ ಇಬ್ಬರೇ. ನನ್ನದರಲ್ಲಿ ಮೂವರು. ತಪ್ಪಿರೋದು ನನ್ನದರಲ್ಲೇ ಅಲ್ವಾ?"

ಏನೋ ದೋಷವಾಗಿದೆ, ಸರಿಪಡಿಸುತ್ತೇನೆ ಎಂದುಬಿಡಬಹುದಿತ್ತು. ಝಾದಿರಾಗೆ ಆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಅಮ್ಮಾ, ಅದನ್ನ ನಿಮಗೋಸ್ಕರ ಮಾಡಿಸಿದ್ದು ಮೊಲ್ದಿರ್. ನಿಮಗೆ ಸಂತೋಷ ಆಗ್ಲಿ ಅಂತ."

"ಹೂಂ. ಆಯ್ತು, ಸಂತೋಷ ಆಯ್ತು. ಎಂಟು ದಿನ ಕಾಲು ನೆಲದ ಮೇಲಿರಲಿಲ್ಲ." ಆಕೆ ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ. "ಉಲ್ಬೊಸಿನ್ ಅಂದ್ರೆ ಗಂಡು ಮಗು ಆಗಲಿ ಅಂತ ಅಲ್ವಾ? ನನಗೆ ಹೆಸರಿಡುವಾಗ್ಲೇ ನಮ್ಮಪ್ಪ ಬೇರೆಯವರನ್ನ ಕಾಯ್ತಿದ್ದ. ನನಗಿದು ಹೊಸದಲ್ಲ. ಈಗ ನೀನು ನನ್ನ ಹೆಸರು ತೆಗೆದುಬಿಡು ಐನಲಾಯಿನ್, ನನ್ನ ಕಂದಾ."

"ನೀವು ಬನ್ನಿ ಅಮ್ಮಾ. ಹೆಸರು ಇರಲಿ ಬಿಡಲಿ, ಬನ್ನಿ."

"ಬೇಡ. ಕುಲ್ಯಾಷ್ ಬೆಳೆಸಿದ್ದಾಳೆ, ಅವಳ ದಿನ ಅದು. ಹುಡುಗಿಗೂ ಮುಖ ಎಲ್ಲಿಡೋದು ಅಂತ ಆಗಬಾರದು. ಇಲ್ಲಿ ಬರ್ತೀವಿ ಅಂದವರಿಗೆಲ್ಲ, ನನಗೆ ಮತ್ತೆ ಎದೆ ಕೆಟ್ಟಿದೆ, ಹೋಗೋಕೆ ಆಗಲ್ಲ ಅಂತೀನಿ. ನಂಬ್ತಾರೆ. ಮೊದಲೂ ಹಾಗೇ ಆಗಿತ್ತಲ್ಲ."

ಫೋನ್ ಇಟ್ಟ ಮೇಲೆ ಝಾದಿರಾ ಪಟ್ಟಿ ತೆರೆದು ಮೂರನೆಯ ಹೆಸರನ್ನು ಅಳಿಸಿದಳು. ಪುಟ ಮತ್ತೆ ತೆರೆದುಕೊಂಡಿತು. ಲೂಪ್ ಎರಡು ಸಲ ತಿರುಗಿ ನಿಂತಿತು, ಕೆಳಗಿನ ಸಾಲು ಮೇಲೆ ಸರಿಯಿತು. ನಡುವೆ ಜಾಗವೇನೂ ಉಳಿಯಲಿಲ್ಲ. ಒಂದು ತೆರಪಾದರೂ ಬಿಡುವಂತೆ ಮಾಡೋಣವೇ ಎಂದುಕೊಂಡಳು, ಯಾರಿಗೆ ಎಂದು ತಿಳಿಯದೆ ಬಿಟ್ಟಳು. ಕಝಾಲಿಯವರ ಉತ್ತರಗಳನ್ನೂ ಅಳಿಸಿದಳು. ಖಾಲಿಯಾದ ಪಟ್ಟಿಯ ಜಾಗದಲ್ಲಿ, ಅಂಥ ಹೊತ್ತಿಗೆಂದೇ ಅವಳು ಹಿಂದೆ ಬರೆದಿಟ್ಟಿದ್ದ ಸಾಲು ಮೂಡಿತು: 'ಇನ್ನೂ ಯಾರೂ ಉತ್ತರಿಸಿಲ್ಲ, ನೀವೇ ಮೊದಲಿಗರಾಗಿ.' ಆ ಸಾಲನ್ನು ಓದಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅದನ್ನೂ ತೆಗೆದುಹಾಕಿದಳು.

ಔತಣ ಚೆನ್ನಾಗಿಯೇ ನಡೆಯಿತಂತೆ. ಕುಲ್ಯಾಷ್ ಆಶೀರ್ವಾದದ ಮಾತಾಡಲು ಎದ್ದು, ಅರ್ಧಕ್ಕೇ ಅಳುತ್ತ ಕುಳಿತುಬಿಟ್ಟಳಂತೆ. ಮಗಳು ಹೊರಟಳೆಂದು ಅಳುತ್ತಿದ್ದಾಳೆ ಎಂದು ಎಲ್ಲರೂ ಭಾವಿಸಿದರು.

ಚಳಿಗಾಲ ಕಾಲಿಡುವಾಗ ಮೊಲ್ದಿರ್ ಅಕ್ತೊಬೆಯ ಗಂಡನ ಮನೆಯಿಂದ ಫೋನ್ ಮಾಡಿದಳು. ಅಷ್ಟು ದಿನವೂ ಉಲ್ಬೊಸಿನ್ ಅವಳ ಕರೆ ಎತ್ತಿರಲಿಲ್ಲ.

"ಇಲ್ಲಿಗೆ ಬರುವಾಗ ನಮ್ಮ ರೈಲು ಕಝಾಲಿಯಲ್ಲಿ ನಿಂತಿತ್ತು ಅಕ್ಕಾ. ಇಳಿದೆ. ಅವಳು ಕೊನೇ ಬೋಗಿಗಳ ಹತ್ತಿರ ಮೀನು ಮಾರ್ತಿದ್ಲು. ಓಡಿದೆ, ಅಷ್ಟರಲ್ಲಿ ಗಾರ್ಡ್ ಕೂಗಿದ. ಇವರು ಬಂದು ಕೈ ಹಿಡಿದು ಹತ್ತಿಸಿದ್ರು."

"ಅವರು ನಿನ್ನ ನೋಡಿದ್ರಾ?"

"ನೋಡಿದ್ಲು. ನಾನೇ ಅಂತ ಗೊತ್ತಾಯ್ತು ಅವಳಿಗೆ." ಮೊಲ್ದಿರ್ ಮೂಗೊರೆಸಿಕೊಂಡಳು. "ಯಾರೋ ಮೀನು ಕೇಳ್ತಿದ್ರು. ಅವರ ಕಡೆ ತಿರುಗಿ, ಕಾಗದದಲ್ಲಿ ಸುತ್ತಿ ಕೊಟ್ಲು."