ಬ್ರೆಡ್ ಚೂರುಗಳ ಸದ್ದು

ಸಲಾಡ್ ಅಂಗಡಿಯವಳು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಅಡುಗೆಕಟ್ಟೆಯ ಮೇಲೆ ಇಟ್ಟಳು. ಹನ್ನೆರಡರಲ್ಲಿ ಎಂಟಕ್ಕೆ ಹಸಿರು ಬೂಷ್ಟು ಹಿಡಿದಿತ್ತು.

"ನಾಲ್ಕು ವರ್ಷದಿಂದ ನಿಮ್ಮ ಕ್ರೂಟಾನ್ ಬಿಟ್ಟು ಬೇರೆಯವರದು ಮುಟ್ಟಿಲ್ಲ ಅಕ್ಕಾ. ನಿನ್ನೆ ಒಬ್ರು ಗಿರಾಕಿ ಎಲ್ಲರೆದುರಿಗೆ ತಟ್ಟೆಗೆ ಉಗಿದ್ರು. ಸಂಜೆಯೊಳಗೆ ಸರಿಯಾಗಿ ಮಾಡಿಕೊಡಿ, ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

"ಅದನ್ನ ಅವರಿಗೆ ಹೇಳು. ನಾನು ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೀನಿ" ಎಂದಳು ಹೆಂಡತಿ, ಆಚೆ ಬೆನ್ನು ಮಾಡಿ ನಿಂತಿದ್ದ ತನ್ನ ಗಂಡನನ್ನು ತೋರಿಸಿ.

ಅಂಗಡಿಯವಳು ಅವನ ಎದುರಿಗೆ ಹೋಗಿ ನಿಂತು ಅದನ್ನೇ ಹೇಳಿದಳು. ಅವನು ತಲೆಯಾಡಿಸಿದ. ಅವಳು ಹೋದ ಮೇಲೆ ಮತ್ತೆ ಬೆನ್ನು ತಿರುಗಿಸಿ, ನಿನ್ನೆಯ ಬ್ರೆಡ್ಡನ್ನು ಬೆರಳಿನ ಅಗಲಕ್ಕೆ ಚೌಕ ಚೌಕವಾಗಿ ಕೊಯ್ಯತೊಡಗಿದ. ಬ್ರೆಡ್ ಕಾರ್ಖಾನೆಯ ಯಂತ್ರಗಳ ನಡುವೆ ಇಪ್ಪತ್ತಾರು ವರ್ಷ ದುಡಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ ಸಲಾಡಿಗೆ ಉದುರಿಸುವ ಕ್ರೂಟಾನ್ ಎಂಬ ಈ ಗರಿಗರಿ ಚೂರುಗಳೇ ಅವನ ಕಸುಬು.

ಬಾಗಿಲ ಬಳಿ ಹೆಂಡತಿಯ ಚೀಲ ಸಿದ್ಧವಾಗಿತ್ತು. ಅಕ್ಕನ ಮನೆಗೆ ಹೊರಟವಳು ಮರಳಿ ಬರುವ ಯೋಚನೆಯಲ್ಲಿ ಇರಲಿಲ್ಲ. ತಾಯಿಯನ್ನು ಸಾಯಲು ಬಿಟ್ಟವನ ಜೊತೆ ಬಾಳುವುದು ತನ್ನಿಂದಾಗದು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

ಅತ್ತೆ ಹೋಗಿ ಇಪ್ಪತ್ತು ದಿನ. ಇವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೊತ್ತಿನಲ್ಲಿ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ತಲೆ ಒಡೆದುಕೊಂಡಿದ್ದಳು. ಅಡುಗೆಮನೆಯಿಂದ ಬಚ್ಚಲಿಗೆ ಎಂಟು ಹೆಜ್ಜೆ. ಅವನು ಅಡುಗೆಮನೆಯಲ್ಲೇ ಇದ್ದ. ಕೆಲಸ ಮುಗಿಸಿ ಕೈ ತೊಳೆಯಲು ಹೋದಾಗಲೇ ನೋಡಿದನಂತೆ. "ಬಿದ್ದ ತಕ್ಷಣ ಪ್ರಾಣ ಹೋಗಿದೆ. ಒಂದು ಸಲಾನೂ ಕೂಗಲಿಲ್ಲ, ಪುಣ್ಯಾತ್ಗಿತ್ತಿ" ಎಂದು ಬಂದವರಿಗೆಲ್ಲ ಹೇಳಿದ. ಮೂರನೆಯ ದಿನ ಪಕ್ಕದ ಮನೆಯ ಟೈಲರಮ್ಮ ಇವಳನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಅತ್ತಳು.

"ಅರ್ಧ ಗಂಟೆ ಕೂಗಿದ್ರು ಕಣಮ್ಮಾ. ಮಗನ ಹೆಸರು ಹಿಡಿದು ಕೂಗಿದ್ರು. ಯಾವಾಗ್ಲೂ ಕರೀತಾ ಇರ್ತಾರೆ, ಹೇಗೂ ಮಗ ಮನೇಲಿದ್ದಾನಲ್ಲ ಅಂತ ನಾನು ಮಿಷನ್ ಬಿಟ್ಟು ಏಳಲಿಲ್ಲ."

ಮುದುಕಿ ದಿನಕ್ಕೆ ನೂರು ಸಲ ಕರೆಯುತ್ತಿದ್ದುದು ನಿಜ. ಇವಳು ಎದುರಿಗೆ ಬಂದು ಹೇಳಿದರೆ "ಅವಳದ್ದು ಇದ್ದಿದ್ದೇ" ಎಂದು ಅವನು ಒಮ್ಮೊಮ್ಮೆ ಗೊಣಗುತ್ತಿದ್ದುದೂ ನಿಜ. ಹಾಗೆಂದು ಅರ್ಧ ಗಂಟೆ? ಆ ದಿನದಿಂದ ಗಂಡನ ಮುಖ ನೋಡಲೂ ಅವಳಿಗೆ ಹೇಸಿಗೆಯಾಯಿತು. ಆಡುವುದನ್ನೆಲ್ಲ ಅವನ ಬೆನ್ನಿಗೆ ಆಡಿದಳು. ಹೆತ್ತವಳ ಕೂಗು ಕೇಳಿಯೂ ಬ್ರೆಡ್ ಹುರಿಯುತ್ತ ಕೂತವನು ಎಂದಳು. ನಿನ್ನ ಬಾಯಿಗೆ ನೀರು ಬಿಡುವವರೂ ಸಿಗದಿರಲಿ ಎಂದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ತಪ್ಪು ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡಳು.

ಅವನು ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬೆಚ್ಚಗೆ ಮಾಡಿ, ಉಪ್ಪು, ಮೆಣಸಿನ ಪುಡಿ, ಒಣ ಸೊಪ್ಪಿನ ಪುಡಿ ಬೆರೆಸಿ, ಚೂರುಗಳ ಮೇಲೆ ಸುರಿದು ಮೆಲ್ಲಗೆ ಹೊರಳಿಸಿದ. ತಟ್ಟೆಯಲ್ಲಿ ಹರಡಿ ಓವನ್ನಿಗೆ ತಳ್ಳಿದ. ಅವಳು ಬೂಷ್ಟು ಹಿಡಿಯದ ಪ್ಯಾಕೆಟ್ಟಿನಿಂದ ಒಂದು ಚೂರು ತೆಗೆದು ಮುರಿದಳು. ಹೊರಗೆಲ್ಲ ಕೆಂಪಗೆ, ಒಳಗೆ ಹಸಿ. ಇದು ಅವಳಿಗೆ ಅರ್ಥವಾಗಲಿಲ್ಲ. ಎಣ್ಣೆ ಕುಡಿದ ಚೂರು ಬೇಗ ಬಣ್ಣಕ್ಕೆ ತಿರುಗುತ್ತದೆ, ಬಣ್ಣ ನಂಬಬಾರದು ಎಂದು ಅವಳಿಗೆ ಕಲಿಸಿದವನೇ ಅವನು. ತಟ್ಟೆ ಅಲುಗಿಸಿದರೆ ಹಸಿಯದು ದಪದಪ ಎನ್ನುತ್ತದೆ, ಆದದ್ದು ಬೆಣಚುಕಲ್ಲಿನ ಹಾಗೆ ಗಲಗಲ ಎನ್ನುತ್ತದೆ. "ಕಣ್ಣು ಮೋಸ ಮಾಡುತ್ತೆ, ಕಿವಿ ಮಾಡಲ್ಲ" ಎಂಬುದು ಅವನ ಮಾತು.

ಈಚಿನ ಎರಡು ವರ್ಷ ತಟ್ಟೆ ಅಲುಗಿಸಿ ಅವಳತ್ತ ತಿರುಗಿ, "ಏನಂತೀಯ?" ಎಂದು ಕೇಳುವುದು ಅಭ್ಯಾಸವಾಗಿತ್ತು. ಅವಳು ಹೂಂ ಎಂದು ತಲೆಯಾಡಿಸಿದರೆ ಮಾತ್ರ ಇಳಿಸುತ್ತಿದ್ದ. "ತಲೆ ಹಣ್ಣಾದ ಮೇಲೆ ನಮ್ಮವರಿಗೆ ಹೆಂಡತಿಯನ್ನು ಕೇಳಬೇಕು ಅಂತ ಬುದ್ಧಿ ಬಂದಿದೆ" ಎಂದು ಲಾಂಡ್ರಿಯಲ್ಲಿ ಹೇಳಿ ನಗಿಸಿದ್ದಳು. ಟೈಲರಮ್ಮನ ಮಾತು ಕೇಳಿದಂದಿನಿಂದ ಅವಳು ಅವನ ಎದುರಿಗೆ ನಿಂತಿರಲಿಲ್ಲ.

ಅವನು ಓವನ್ ತೆರೆದು ತಟ್ಟೆ ಅಲುಗಿಸಿದ. ದಪದಪ. ತಿರುಗಿ ನೋಡಿದ. ಅವಳು ಮುಖ ಆಚೆ ಮಾಡಿದಳು. ಅವನು ಒಂದು ಗಳಿಗೆ ಕಾದು ತಟ್ಟೆಯನ್ನು ಕಟ್ಟೆಗೆ ಇಳಿಸಿ, ಪ್ಯಾಕೆಟ್ಟು ಬಿಡಿಸತೊಡಗಿದ.

"ಇನ್ನೂ ಆಗಿಲ್ಲ" ಎಂದಳು ಅವಳು, ತಡೆಯಲಾರದೆ.

ಅವನು ಪ್ಯಾಕೆಟ್ಟಿನ ಬಾಯಿಗೆ ಊದಿದ.

"ರೀ, ಆಗಿಲ್ಲ ಅಂದೆ."

ಅವಳು ಪಾತ್ರೆಯ ಮುಚ್ಚಳವನ್ನು ಎತ್ತಿ ಅವನ ಬೆನ್ನ ಹಿಂದೆ ನೆಲಕ್ಕೆ ಬಿಟ್ಟಳು. ಅದು ಸುತ್ತಿ ಸುತ್ತಿ ಹೊಡೆದುಕೊಂಡು ಮೂಲೆಗೆ ಹೋಗಿ ಬಿತ್ತು. ಅವನ ಹೆಗಲು ಅಲುಗಲಿಲ್ಲ.

ಕರೆಗಂಟೆ ಕೆಟ್ಟಿದೆ ಎಂದು ಅವನು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದು, ಫೋನನ್ನು ಸದಾ ಅವಳ ಕೈಗೇ ಕೊಡುತ್ತಿದ್ದುದು, ಮಾತಾಡುವವರ ತುಟಿಯನ್ನೇ ನೋಡುತ್ತಿದ್ದುದು, ಎಲ್ಲ ಒಟ್ಟಿಗೆ ನೆನಪಾಯಿತು. ತಾನು ಬೆನ್ನಿಗೆ ಆಡಿದ ಒಂದು ಮಾತೂ ಅವನನ್ನು ಮುಟ್ಟಿರಲಿಲ್ಲ. ಮುದುಕಿಯ ಕೂಗೂ ಮುಟ್ಟಿರಲಿಲ್ಲ. ಒಂದು ಸಲಾನೂ ಕೂಗಲಿಲ್ಲ ಎಂದಾಗ ಅವನು ಸುಳ್ಳು ಹೇಳಿರಲಿಲ್ಲ.

ಸುತ್ತಿ ಬಂದು ಎದುರಿಗೆ ನಿಂತು ತನ್ನ ಕಿವಿ ಮುಟ್ಟಿ ತೋರಿಸಿದಳು. "ಎಷ್ಟು ದಿನದಿಂದ?"

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನ ಮುಖ ಬಿಳಿಚಿತು. "ಕಾರ್ಖಾನೆಯಲ್ಲೇ ಶುರುವಾಗಿತ್ತು. ಈಗ ಪೂರ್ತಿ ಹೋಗಿದೆ. ಸದ್ದು ಕೇಳದವನ ಹತ್ರ ಯಾರು ಮಾಲು ತಗೋತಾರೆ ಅಂತ..."

ಅವನ ಕಣ್ಣು ಅವಳನ್ನು ದಾಟಿ ಬಚ್ಚಲ ಬಾಗಿಲಿಗೆ ಹೋಯಿತು. ಎಂಟು ಹೆಜ್ಜೆ. ಇಷ್ಟು ದಿನ ಅವನಿಗೆ ಹೊಳೆಯದೇ ಇದ್ದದ್ದು ಈಗ ಹೊಳೆಯುತ್ತಿರುವುದನ್ನು ಅವಳು ಕಣ್ಣಾರೆ ಕಂಡಳು, ತಡೆಯುವ ದಾರಿ ತೋಚಲಿಲ್ಲ.

"ಅಮ್ಮ ಕೂಗಿದ್ಳೇನೇ?"

"ಇಲ್ಲ" ಎಂದಳು.

ಅವನು ಅವಳ ತುಟಿಯನ್ನು ನೋಡಿದ, ಆಮೇಲೆ ಕಣ್ಣನ್ನು ನೋಡಿದ. ಅವಳು ಮುಖ ಕದಲಿಸದೆ ಮತ್ತೊಮ್ಮೆ ಇಲ್ಲವೆಂದು ತಲೆಯಾಡಿಸಿದಳು. ಅವನು ತಟ್ಟೆಯಿಂದ ಒಂದು ಚೂರು ತೆಗೆದು, ಹಳೆಯ ರೂಢಿಯಲ್ಲಿ ಕಿವಿಯ ಬಳಿ ಹಿಡಿದು ಮುರಿದ. ಎರಡು ಹೋಳನ್ನೂ ಕಟ್ಟೆಯ ಮೇಲಿಟ್ಟು, ತಟ್ಟೆಯನ್ನು ಓವನ್ನಿಗೆ ತಳ್ಳಿದ.

ಬಸ್ಸಿನ ಹೊತ್ತು ಮೀರಿತು. ಗೋಡೆಯಾಚೆ ಟೈಲರಮ್ಮನ ಮಿಷನ್ ನಿಂತು ನಿಂತು ಓಡುತ್ತಿತ್ತು. ಅವನು ಓವನ್ನಿನತ್ತ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳು ಅವನಿಗೆ ಕಾಣುವಂತೆ ಬೆಳಕಿಗೆ ಮುಖ ಕೊಟ್ಟು ಅಲುಗದೆ ನಿಂತಳು.