ಹುಳಿ ಹಾಕಿ ತೊಳೆದ ನಾಣ್ಯಗಳು

ಲಕ್ಷ್ಮೀಪೂಜೆಯ ಹಿಂದಿನ ದಿನ ದೇವರ ಪಾತ್ರೆ ತೊಳೆಯುವುದೆಂದರೆ ಸುಗುಣಾಳಿಗೆ ಅರ್ಧ ದಿನದ ಕೆಲಸ. ಹುಣಸೆಹುಳಿಯನ್ನು ಬಿಸಿನೀರಿನಲ್ಲಿ ನೆನೆಸಿ, ಉಪ್ಪು ಬೆರೆಸಿ, ಡೊಂಬಿವಲಿಯ ಆ ಎರಡನೇ ಮಾಳಿಗೆಯ ಬಾಲ್ಕನಿಯಲ್ಲಿ ಮಣೆ ಹಾಕಿ ಕೂತರೆ ದೀಪ, ಹರಿವಾಣ, ಗಂಟೆ, ತಾಮ್ರದ ಚೊಂಬು ಒಂದೊಂದಾಗಿ ಹೊಳೆಯುತ್ತಾ ಬಟ್ಟೆಯ ಮೇಲೆ ಬಂದು ಸಾಲಾಗುತ್ತಿದ್ದವು. ಈ ಸಲ ಎಲ್ಲ ಮುಗಿದ ಮೇಲೂ ಬಟ್ಟಲಲ್ಲಿ ಹುಳಿ ಉಳಿದಿತ್ತು. ಆಗಲೇ ಅವಳಿಗೆ ಮಾವನ ನಾಣ್ಯದ ಡಬ್ಬಿ ನೆನಪಾದದ್ದು.

ಮಾವ ಪುಂಡರೀಕಾಕ್ಷ ರಾಯರು ಉಡುಪಿಯ ಕಡೆಯಿಂದ ಚಿಕ್ಕಂದಿನಲ್ಲೇ ಬಂದು, ಸ್ಟೇಷನ್ನಿನ ಹತ್ತಿರ ಹೋಟೆಲು ಹಾಕಿ, ಒಂದು ಜೀವಮಾನವನ್ನೇ ಗಲ್ಲಾದಲ್ಲಿ ಕೂತು ಕಳೆದವರು. ಚಿಲ್ಲರೆಯಲ್ಲಿ ಹಳೆಯ ನಾಣ್ಯವೇನಾದರೂ ಕಂಡರೆ ತಮ್ಮ ಜೇಬಿನಿಂದ ಬದಲಿ ಹಾಕಿ ಅದನ್ನು ಎತ್ತಿಡುವುದು ಅವರಿಗಿದ್ದ ಒಂದೇ ಒಂದು ಚಟ. ಈಗ ಹೋಟೆಲನ್ನು ಸುಗುಣಾಳ ಗಂಡ ಲೋಕನಾಥ ನೋಡಿಕೊಳ್ಳುತ್ತಾನೆ. "ಇನ್ನು ಗಲ್ಲಾದಲ್ಲಿ ಎಂತ ಸಿಗ್ತದೆ? ಮೊಬೈಲು ಪಿಂಯ್ ಅಂತದೆ, ಅಷ್ಟೆ" ಎಂದು ರಾಯರು ಹೇಳುವುದುಂಟು. ಡಬ್ಬಿಗೆ ಹೊಸತೊಂದು ಸೇರದೆ ಬಹಳ ಕಾಲವಾಗಿತ್ತು. ಈ ಪೂಜೆಯ ದಿನ ಅದನ್ನು ಮೊಮ್ಮಗಳು ಶ್ರೀಪ್ರಿಯಾಳ ಕೈಗೆ ಕೊಟ್ಟುಬಿಡುತ್ತೇನೆಂದು ಅವರು ಹೇಳಿದ್ದರು.

ಸುಗುಣಾಳಿಗೆ ಅಳುಕಿದ್ದುದು ಅಲ್ಲಿಯೇ. ನವರಾತ್ರಿಯ ಹೊತ್ತಿನಲ್ಲಿ ಅಜ್ಜ ಡಬ್ಬಿ ತೆರೆದು ತೋರಿಸಿದಾಗ ಹತ್ತು ವರ್ಷದ ಆ ಹುಡುಗಿ ಮೂಗು ಮುಚ್ಚಿಕೊಂಡಿದ್ದಳು.

"ಛೀ ಅಜ್ಜಾ, ಕಿತ್ನಾ ಕಾಲಾ ಹೈ. ಬಾಸ್ ಭೀ ಮಾರ್ತಾ ಹೈ."

ಕಪ್ಪು, ವಾಸನೆ ಎಂದದ್ದಕ್ಕೆ ರಾಯರು ನಕ್ಕಿದ್ದರು. ಆದರೆ ತೋರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಮುಚ್ಚಳ ಹಾಕಿದ್ದನ್ನು ಸುಗುಣಾ ನೋಡಿದ್ದಳು. ಅತ್ತೆ ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಗಿತ್ತು. ಮೊಮ್ಮಗಳ ಹತ್ತಿರ ಮಾತ್ರ ತಾವಾಗಿ ಹೋಗಿ ಕೂರುತ್ತಿದ್ದರು. ಅವಳೋ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟು ಮೊಬೈಲಿಗೆ ಹಿಂತಿರುಗುವವಳು. ನಾಳೆ ಮತ್ತೆ ಮೂಗು ಮುರಿದರೆ ಮುದುಕರ ಮನಸ್ಸಿಗೆ ಏನಾಗಬೇಡ? ನಾಣ್ಯ ಫಳಫಳ ಹೊಳೆದರೆ ಯಾವ ಮಗು ತಾನೇ ಬೇಡ ಎನ್ನುತ್ತದೆ?

ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಸುಗುಣಾ ಡಬ್ಬಿಯನ್ನು ಹುಳಿಯ ಬಟ್ಟಲಿಗೆ ಬಗ್ಗಿಸಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ರಾಜನ ಮುಖ, ಸಿಂಹ, ಬಳ್ಳಿ, ಅಕ್ಷರ ಎಲ್ಲವನ್ನೂ ಸಂದು ಬಿಡದೆ ತಿಕ್ಕಿದಳು. ನಡುವೆ ತೂತಿದ್ದ ಪೈಸೆಗಳ ತೂತಿನ ಒಳಗೂ ಬತ್ತಿ ಹೊಸೆದು ತೂರಿಸಿ ಉಜ್ಜಿದಳು. ಸಂಜೆ ಬಿಸಿಲಿಗೆ ಹಿಡಿದಾಗ ತಾಮ್ರ ಕೆಂಪಗೆ ನಕ್ಕಂತೆ ಕಂಡಿತು.

ಮರುದಿನ ಸಂಜೆ ಮನೆಯಲ್ಲಿ ಪೂಜೆ ಮುಗಿಯಿತು. ಲೋಕನಾಥ ಹೋಟೆಲಿನ ಪೂಜೆಗೆ ಹೋಗಿದ್ದ. ರೇಷ್ಮೆ ಲಂಗದ ಶ್ರೀಪ್ರಿಯಾ ಅಮ್ಮ ಹೇಳಿಕೊಟ್ಟಂತೆ ಎರಡೂ ಕೈ ಚಾಚಿ ನಿಂತಳು. ರಾಯರು ದೀಪದ ಮುಂದೆ ಡಬ್ಬಿ ತೆರೆದವರು ಹಾಗೆಯೇ ನಿಂತರು. ಒಂದು ನಾಣ್ಯ ತೆಗೆದು ಬೆಳಕಿಗೆ ಹಿಡಿದು ತಿರುಗಿಸಿದರು. ಇನ್ನೊಂದು ತೆಗೆದರು.

"ಇದನ್ನು ಯಾರು ತೊಳೆದದ್ದು?"

"ನಾನೇ ಮಾವ. ಹುಳಿ ಹಾಕಿ. ಪ್ರಿಯಾಗೆ ಕೊಡ್ತೀರಲ್ಲ, ಚಂದ ಕಾಣ್ಲಿ ಅಂತ."

"ಎಲ್ಲವನ್ನೂ?"

"ಹೂಂ. ಒಂದೂ ಬಿಡ್ಲಿಲ್ಲ."

"ಚಂದ ಆಗಿದೆ" ಎಂದರು ರಾಯರು. ಮುಚ್ಚಳ ಹಾಕಿ ಡಬ್ಬಿಯನ್ನು ಅಲ್ಲೇ ದೇವರ ಮುಂದಿಟ್ಟು, ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತರು.

ಹುಡುಗಿಯ ಕೈ ಇನ್ನೂ ಚಾಚಿಯೇ ಇತ್ತು. "ಮಮ್ಮಾ, ಮೈನೇ ಕ್ಯಾ ಕಿಯಾ?"

ನಿನ್ನದೇನೂ ತಪ್ಪಿಲ್ಲ ಎಂಬಂತೆ ಸುಗುಣಾ ಅವಳ ತಲೆ ಸವರಿದಳು. ಒಲೆಯ ಮೇಲಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಬಾಲ್ಕನಿಗೆ ಒಯ್ದಳು. ಕೆಳಗೆ ಮಕ್ಕಳು ಪಟಾಕಿ ಹಚ್ಚುತ್ತಿದ್ದರು.

"ಮಾವ, ನಾನು ಎಂತಾದ್ರೂ ತಪ್ಪು ಮಾಡಿದ್ನಾ?"

ರಾಯರು ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. "ಹಳೇ ತಾಮ್ರದ ಮೇಲಿನ ಆ ಕಪ್ಪು ಕೊಳೆ ಅಲ್ಲ ಸುಗುಣಾ. ಅದು ಅದರ ಚರ್ಮ. ಎಷ್ಟೋ ಜನರ ಕೈ, ಎಷ್ಟೋ ಮಳೆಗಾಲ ಸೇರಿ ಕೂತದ್ದು. ನಾಣ್ಯ ಇಡುವವರು ಅದನ್ನು ಉಜ್ಜುದಿಲ್ಲ. ಉಜ್ಜಿದ ಮೇಲೆ ಅದು ಬರೀ ಆರತಿ ತಟ್ಟೆಗೆ ಹಾಕುವ ಕಾಸು."

ಸುಗುಣಾ ಹೊಸ್ತಿಲಲ್ಲೇ ಕೂತಳು. ಅವರು ನಾಣ್ಯವನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿಯುತ್ತಿದ್ದುದನ್ನು ಅವಳು ಇಷ್ಟು ವರ್ಷ ನೋಡಿದ್ದಳು. ಕೈಗೆ ಕೊಳೆ ಹತ್ತಬಾರದೆಂದು ಹಾಗೆ ಹಿಡಿಯುತ್ತಾರೆ ಎಂದುಕೊಂಡಿದ್ದಳು.

"ನನಗೆ ಗೊತ್ತಿರ್ಲಿಲ್ಲ ಮಾವ. ನೀವು ಬೇಕಾದ್ರೆ ಬಯ್ಯಿರಿ."

"ಬಯ್ಯುದು ಎಂತಕ್ಕೆ? ಒಂದು ಲೋಟದಲ್ಲಿ ಕಲೆ ಕಂಡ್ರೆ ಇಡೀ ರಾಶಿಯನ್ನು ಮತ್ತೆ ತೊಳೆಸಿದವ ನಾನು. ಹೋಟೆಲಿನವನ ಸೊಸೆ ಕಪ್ಪು ಕಂಡು ಸುಮ್ಮನೆ ಕೂತ್ರೆ ಅದಲ್ವಾ ಆಶ್ಚರ್ಯ." ಮಾತಿನಲ್ಲಿ ತಮಾಷೆ ಇತ್ತು, ಮುಖದಲ್ಲಿ ಇರಲಿಲ್ಲ. "ಪ್ರಿಯಾಗೆ ಕೊಡ್ಲಿಕ್ಕೆ ಎಂತ ಉಳೀತು ಅಂತ ಯೋಚನೆ, ಅಷ್ಟೆ."

ಹಿಂದಿನಿಂದ ಗೆಜ್ಜೆಯ ಸದ್ದಾಯಿತು. ಶ್ರೀಪ್ರಿಯಾ ಒಂದು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಜ್ಜಾ, ಯೇ ಫಿರ್ ಸೇ ಕಾಲಾ ಹೋಗಾ ಕ್ಯಾ?"

ರಾಯರು ತಿರುಗಿ ನೋಡಿದರು. "ಆಗ್ತದೆ. ತನ್ನಷ್ಟಕ್ಕೇ ಮತ್ತೆ ಕಪ್ಪಾಗ್ತದೆ. ಮೊದಲು ಈ ಕೆಂಪು ಹೋಗ್ತದೆ, ಆಮೇಲೆ ಕಂದು. ಮೊದಲಿನ ಹಾಗೆ ಕಪ್ಪಾಗ್ಲಿಕ್ಕೆ ತುಂಬಾ ವರ್ಷ ಬೇಕು."

"ಕಿತ್ನೇ?"

"ಎಷ್ಟು ವರ್ಷ ಅಂತ ಹೇಳುದು? ಡೊಂಬಿವಲಿ ಅಲ್ವಾ, ಫ್ಯಾಕ್ಟರಿ ಗಾಳಿ. ಸ್ವಲ್ಪ ಬೇಗ ಆದೀತು. ನೀನು ದೊಡ್ಡವಳಾಗಿ ಠಾಣೆಗೋ ವಾಶಿಗೋ ಕೆಲಸಕ್ಕೆ ಹೋಗ್ತೀಯಲ್ಲ, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು, ಆ ಹೊತ್ತಿಗೆ."

"ತಬ್ ಆಪ್ ಭೀ ದೇಖೋಗೇ ನಾ?"

ಸುಗುಣಾ ತಲೆ ತಗ್ಗಿಸಿದಳು. ರಾಯರು ಕಾಫಿಯ ಒಂದು ಗುಟುಕು ಕುಡಿದರು.

"ನೀನು ನೋಡು ಮಗಾ. ನಾನು ಆದಷ್ಟು ದಿನ ನೋಡ್ತೇನೆ."

"ಮೈ ರೋಜ್ ದೇಖೂಂಗೀ."

"ದಿನಾ ನೋಡಿದ್ರೆ ಗೊತ್ತಾಗುದಿಲ್ಲ. ಭಾನುವಾರ ನೋಡು. ಅದಿರಲಿ, ಹಾಗೆ ಹಿಡಿಯುದಲ್ಲ." ಅವರು ಲೋಟ ಕೆಳಗಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಸರಿಸಿ ಅಂಚಿಗೆ ತಂದರು. "ನಡುವೆ ಮುಟ್ಟಿದ್ರೆ ಬೆರಳಿನ ಗುರುತು ಕೂರ್ತದೆ. ಹೀಗೆ. ಈಗ ತಿರುಗಿಸು."

"ಯೇ ಕಿಸ್ನೇ ದಿಯಾ ಥಾ?"

"ಭಿವಂಡಿಯ ಮಗ್ಗದವನೊಬ್ಬ ಕೊಟ್ಟದ್ದು. ಚಹಾ ಕುಡಿದು ಕತ್ತಲಲ್ಲಿ ನಾಲ್ಕಾಣೆಯ ಪಾವಲಿ ಅಂತ ಕೊಟ್ಟು ಹೋದ. ಮರುದಿನ ಕರೆದು ವಾಪಸು ಕೊಟ್ರೆ, ಇಟ್ಕೊಳ್ಳಿ ಸೇಠ್, ನನ್ನ ಅಜ್ಜಿಯ ಸೆರಗಿನ ಗಂಟಿನದ್ದು, ನನ್ನ ಹತ್ರ ಇದ್ರೆ ಕಳೆದುಹೋಗ್ತದೆ ಅಂದ."

"ಫಿರ್?"

ರಾಯರು ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು. ಸುಗುಣಾ ಎದ್ದು ಹೋಗಿ ದೇವರ ಮುಂದಿದ್ದ ಡಬ್ಬಿಯನ್ನು ತಂದು ಇಬ್ಬರ ನಡುವೆ ಇಟ್ಟಳು. ಮಾವ ಅದನ್ನು ಮೆಲ್ಲಗೆ ಮೊಮ್ಮಗಳ ಮಡಿಲಿಗೆ ಸರಿಸಿದರು.

ಆಮೇಲಿನ ಭಾನುವಾರಗಳಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ನಾಣ್ಯ ನೋಡಲೆಂದು ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿರುತ್ತಿತ್ತು. ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಹುಡುಗಿ ಗೊಣಗುತ್ತಿದ್ದಳು. ಆಗುವುದಕ್ಕೆ ಬಿಡಬೇಕು ಎಂದು ಅಜ್ಜ ಹೇಳುತ್ತಿದ್ದರು. ಚಳಿ ಶುರುವಾದ ಮೇಲೆ ಒಂದು ದಿನ ಅವಳು ಕೂಗಿದಳು.

"ಅಜ್ಜಾ, ಜಲ್ದೀ ಆವೋ. ಕಿನಾರೇ ಪೇ ಬ್ರೌನ್ ಆಯಾ."

ರಾಯರು ಅರ್ಧ ದೋಸೆ ಬಿಟ್ಟೆದ್ದು, ಕೈ ತೊಳೆದು, ಪಂಚೆಗೆ ಒರೆಸಿಕೊಳ್ಳುತ್ತಾ ಓಡಿದರು. ಸುಗುಣಾಳಿಗೂ ತಡೆಯಲಾಗಲಿಲ್ಲ. ಗ್ಯಾಸ್ ಆರಿಸಿ, ಸೌಟು ಹಿಡಿದುಕೊಂಡೇ ಬಂದು ಅಂಚಿನ ಕಂದನ್ನು ನೋಡಲು ಬಗ್ಗಿದಳು.

"ಮುಟ್ಬೇಡ ಮಮ್ಮಾ" ಎಂದಳು ಮಗಳು, ಡಬ್ಬಿಗೆ ತೋಳು ಅಡ್ಡ ಇಟ್ಟು. "ದೂರದಿಂದ ನೋಡು."

ರಾಯರು ನಕ್ಕ ನಗುವಿಗೆ ಅವರಿಗೇ ಕೆಮ್ಮು ಬಂತು. ಸುಗುಣಾ ಸೌಟು ಸಮೇತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ನೋಡಿದಳು.